ದಂಡ ಬೇಕಾದಷ್ಟಿದೆ, ಟೇಪು ಹಿಡಿದು ಅಳೆಯೋರು ಬೇಕು

2024ರ ಆಗಸ್ಟಿನ ಆ ವಿಡಿಯೋ ನಿಮಗೂ ಬಂದಿರುತ್ತೆ. ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಕಡೆ ಹೋಗುವಾಗ ಸಿಗುವ ಅಡಕಮಾರನಹಳ್ಳಿ ಹತ್ತಿರ, ಮುಂದಿನ ಚಕ್ರ ಎತ್ತಿ ವೀಲಿಂಗ್ ಮಾಡುತ್ತಿದ್ದ ಹುಡುಗರ ಎರಡು ಸ್ಕೂಟರುಗಳನ್ನು ಜನ ಸೇರಿ ಎತ್ತಿ ಫ್ಲೈಓವರ್ ಮೇಲಿಂದ ಕೆಳಗೆ ಎಸೆದರು. ನಮ್ಮ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಬರೀ ಚಪ್ಪಾಳೆ. "ಹೀಗೇ ಆಗಬೇಕು ಈ ನನ್ಮಕ್ಕಳಿಗೆ" ಅಂತ ಬರೆದವರಲ್ಲಿ ರಿಟೈರ್ಡ್ ಹೆಡ್‌ಮಾಸ್ಟರ್ ಒಬ್ಬರೂ ಇದ್ದರು. ನೂರು ಕಿಲೋ ಮೀರಿದ ಕಬ್ಬಿಣ ಮೇಲಿಂದ ಬೀಳುವಾಗ ಕೆಳಗೆ ಯಾರಾದರೂ ಹೋಗುತ್ತಿದ್ದರೆ ಗತಿ ಏನು ಅಂತ ಒಬ್ಬರೂ ಕೇಳಲಿಲ್ಲ.

ಆದರೆ ಜನ ಅಷ್ಟು ಸಿಟ್ಟಿಗೇಳೋದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. 112ಕ್ಕೆ ಫೋನ್ ಮಾಡಿ, ಪೊಲೀಸರ ಹೊಯ್ಸಳ ಗಾಡಿ ಬರೋ ಹೊತ್ತಿಗೆ ಹುಡುಗರು ಎರಡು ಕ್ರಾಸ್ ಆಚೆ ಟೀ ಕುಡಿಯುತ್ತಿರುತ್ತಾರೆ. ಬಂದವರು "ನಂಬರ್ ನೋಟ್ ಮಾಡ್ಕೊಂಡ್ರಾ ಸಾರ್?" ಅಂತಾರೆ. ನಂಬರ್ ಪ್ಲೇಟು ಮಡಚಿ ಸೀಟಿನ ಅಡಿಗೆ ಸೇರಿಸಿರೋ ಗಾಡಿಯಲ್ಲಿ ನೋಟ್ ಮಾಡ್ಕೊಳ್ಳೋದು ಏನನ್ನ?

ಇದಕ್ಕೆ ಎಲ್ಲರ ಬಾಯಲ್ಲೂ ಒಂದೇ ಔಷಧಿ: ದಂಡ ಜಾಸ್ತಿ ಮಾಡಿ. ನನಗೆ ಇದು ಬರ್ತಾ ಬರ್ತಾ ಬೇಜಾರು ತರಿಸಿದೆ. ದಂಡ ಕಡಿಮೆ ಇಲ್ಲ ಸ್ವಾಮಿ, ಪುಸ್ತಕದಲ್ಲಿ ಬೇಕಾದಷ್ಟಿದೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪಾಯಕಾರಿಯಾಗಿ ಓಡಿಸಿದರೆ ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಕಲಂ, 3 ತಿಂಗಳ ಜೈಲು ಅಥವಾ 5,000 ರೂಪಾಯಿ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟರೆ 199ಎ ಪ್ರಕಾರ ಅಪ್ಪ ಅಮ್ಮನಿಗೋ ಗಾಡಿ ಮಾಲೀಕನಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಆ ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸೇ ಇಲ್ಲ. ಇದಕ್ಕಿಂತ ಗಟ್ಟಿ ಕಾನೂನು ಇನ್ನೇನು ಬರೀತೀರಿ?

ಬರೆದದ್ದು ಜಾರಿಯಾಗೋ ರೀತಿ ನೋಡಿ. 2019ರ ಸೆಪ್ಟೆಂಬರ್ 1ಕ್ಕೆ ಕೇಂದ್ರದ ಹೊಸ ದಂಡಗಳು ಬಂದವು, ಅದೇ ತಿಂಗಳು ನಮ್ಮ ರಾಜ್ಯ ಸರ್ಕಾರ ಹಲವನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಇದ್ದ 1,000 ರೂಪಾಯಿ 500 ಆಯಿತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ 50% ರಿಯಾಯಿತಿ ಕೊಟ್ಟರು. ಜನ ಸಾಲುಗಟ್ಟಿ ನಿಂತು ಕಟ್ಟಿದರು, ವಸೂಲಿ ನೂರು ಕೋಟಿ ದಾಟಿತು. 2025ರಲ್ಲಿ ಮತ್ತೆ ಅದೇ ಆಫರು. ಖಜಾನೆಗೆ ಒಳ್ಳೆಯದೇ. ಆದರೆ ದಂಡ ಅನ್ನೋದು ಆಷಾಢ ಸೇಲ್ ಸೀರೆ ಆದ ಮೇಲೆ ಅದಕ್ಕೆ ಯಾರು ಹೆದರುತ್ತಾರೆ? ಮೆಸೇಜು ಬಂದರೆ ಬರಲಿ, ಮುಂದಿನ ರಿಯಾಯಿತಿಯಲ್ಲಿ ಕಟ್ಟೋಣ ಅನ್ನೋರು ನನ್ನ ಆಫೀಸಿನಲ್ಲೇ ಇದ್ದಾರೆ.

2025ರ ಮೇನಲ್ಲಿ ನಮ್ಮ ಹೈಕೋರ್ಟು ವೀಲಿಂಗ್ ಪ್ರಕರಣವೊಂದರ ಜಾಮೀನು ಅರ್ಜಿ ತಳ್ಳಿಹಾಕುತ್ತಾ, ಈ ಕಾಯ್ದೆ ಬರೆದವರಿಗೆ ಹಿಂದಿನ ಚಕ್ರದ ಮೇಲೆ ಮಾತ್ರ ಗಾಡಿ ಓಡಿಸೋ ಜನ ಬರ್ತಾರೆ ಅನ್ನೋ ಕಲ್ಪನೆಯೇ ಇರಲಿಲ್ಲ, ಇದು ಪಟ್ಟಣ ದಾಟಿ ಹಳ್ಳಿಗೂ ಹೋಗಿದೆ, ಸರ್ಕಾರ ಬಿಗಿ ನಿಯಮ ತರಲಿ ಅನ್ನೋ ಅರ್ಥದ ಮಾತು ಹೇಳಿತು. ಹೇಳಿದ್ದು ಸರಿಯೇ. ನಿಯಮ ಬರಲಿ. ಆದರೆ ಅದು ಬಂದು, ಜಾರಿಯಾಗಿ, ನಮ್ಮ ಗ್ರೌಂಡ್ ಪಕ್ಕದ ರಸ್ತೆಗೆ ತಲುಪೋ ಹೊತ್ತಿಗೆ ಈಗಿನ ಹುಡುಗರಿಗೆ ಮದುವೆಯಾಗಿ ಅವರೇ ಅಸೋಸಿಯೇಷನ್ ಮೀಟಿಂಗಿಗೆ ಬಂದು "ಈ ಕಾಲದ ಹುಡುಗರು" ಅಂತಿರುತ್ತಾರೆ.

ನಮ್ಮ ಗ್ರೌಂಡ್ ರಸ್ತೆಯ ವಿಷಯಕ್ಕೇ ಬರ್ತೀನಿ. ಬೆಂಗಳೂರಿನ ಪಶ್ಚಿಮದ ಹಳೇ ಲೇಔಟು ನಮ್ಮದು. ಒಂದು ಕಡೆ ಆಟದ ಮೈದಾನದ ಕಾಂಪೌಂಡ್, ಇನ್ನೊಂದು ಕಡೆ ಪಾರ್ಕು, ನಡುವೆ ನೇರವಾದ ಅಗಲ ರಸ್ತೆ. ಎಷ್ಟೋ ವರ್ಷ ಅಲ್ಲಿ ಯಾವ ಗಲಾಟೆಯೂ ಇರಲಿಲ್ಲ, ಯಾಕಂದ್ರೆ ರಸ್ತೆ ಪೂರ್ತಿ ಗುಂಡಿ. ಹೊಸ ಡಾಂಬರು ಹಾಕಿದರು, ಎಲ್‌ಇಡಿ ದೀಪ ಹಾಕಿದರು, ಶುರುವಾಯಿತು. ಯಾವ ಮನೆಯ ಗೇಟೂ ಆ ರಸ್ತೆಗೆ ತೆರೆಯೋದಿಲ್ಲ. ಅಡ್ಡ ರಸ್ತೆ ಇಲ್ಲ. ರೀಲ್ಸ್ ತೆಗೆಯೋಕೆ ಬೆಳಕು ಚೆನ್ನಾಗಿದೆ. ಗಾಡಿ ಎತ್ತೋನಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ? ನಾವೇ ಸ್ಟೇಜು ಕಟ್ಟಿಕೊಟ್ಟು, ಲೈಟು ಹಾಕಿಕೊಟ್ಟು, ಆಮೇಲೆ ಕುಣಿಯಬೇಡ ಅಂತಿದ್ದೀವಿ.

ನನ್ನ ತಲೆಯಲ್ಲಿ ಕೂತಿರೋದು ಇದೇ ಮಾತು. ಹುಡುಗರನ್ನು ಬದಲಾಯಿಸೋದು ನಮ್ಮ ಕೈಲಿಲ್ಲ, ರಸ್ತೆಯನ್ನು ಬದಲಾಯಿಸಬಹುದು. ಇಲ್ಲಾಂದ್ರೆ ಸಿಕ್ಕಿಬೀಳೋದು ಖಂಡಿತ ಅನ್ನೋ ಹಾಗೆ ಮಾಡಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಆಗಿದ್ದು ಈ ಎರಡನೆಯದು. ಅಲ್ಲಿ 100ರ ಮಿತಿ ಮೊದಲೂ ಇತ್ತು, ಯಾರೂ ಕೇರ್ ಮಾಡುತ್ತಿರಲಿಲ್ಲ. ಕ್ಯಾಮೆರಾ ಬಂತು, 2024ರ ಆಗಸ್ಟಿನಿಂದ 130 ದಾಟಿದರೆ ಎಫ್‌ಐಆರ್ ಅಂದರು. ಈಗ ಆ ದಾರಿಯಲ್ಲಿ ಹೋಗಿ ನೋಡಿ, ಕ್ಯಾಮೆರಾ ಕಂಬ ಕಂಡ ತಕ್ಷಣ ದೊಡ್ಡ ದೊಡ್ಡ ಕಾರುಗಳು ಹೇಗೆ ಸಾಧು ಆಗ್ತವೆ ಅಂತ. ಕಂಬ ದಾಟಿದ ಮೇಲೆ ಮತ್ತೆ ಶುರು, ಅದು ಬೇರೆ ವಿಷಯ.

ಕಬ್ಬನ್ ಪಾರ್ಕಿನದು ಮೊದಲನೆಯ ರೀತಿ. ಭಾನುವಾರ ಒಳಗೆ ಗಾಡಿ ಬಿಡೋದಿಲ್ಲ. ಬ್ಯಾರಿಕೇಡು, ಅದರ ಪಕ್ಕ ಒಬ್ಬ ಮನುಷ್ಯ. ಅಷ್ಟೇ. ವಾರವಿಡೀ ಹಾರ್ನ್ ಹೊಡೆದುಕೊಂಡು ನುಗ್ಗೋ ರಸ್ತೆಯಲ್ಲಿ ಆವತ್ತು ಮಕ್ಕಳು ಸ್ಕೇಟಿಂಗ್ ಮಾಡ್ತವೆ, ನಾಯಿಗಳು ರಸ್ತೆ ಮಧ್ಯೆ ಮಲಗಿರ್ತವೆ. ಅಲ್ಲಿ ಯಾರಿಗೂ ದಂಡ ಹಾಕಬೇಕಾಗಿಲ್ಲ, ಯಾರೂ ಭಾಷಣ ಮಾಡಬೇಕಾಗಿಲ್ಲ. ಚರ್ಚ್ ಸ್ಟ್ರೀಟಿನಲ್ಲೂ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ ಭಾನುವಾರ ಗಾಡಿ ನಿಲ್ಲಿಸಿದ್ದರು. ಮಧ್ಯ ರಸ್ತೆಯಲ್ಲಿ ಐಸ್‌ಕ್ರೀಂ ತಿನ್ನುತ್ತಾ ನಡೆಯೋ ಸುಖ ಅನುಭವಿಸಿದವರಿಗೇ ಗೊತ್ತು. ಆಮೇಲೆ ಗಾಡಿಗಳು ವಾಪಸ್ ಬಂದವು.

ಆದರೆ ಮುಚ್ಚೋದೂ ಎಲ್ಲ ಕಡೆ ಸುಲಭದ ಉತ್ತರ ಅಲ್ಲ. 2022ರ ಜನವರಿಯಿಂದ ಊರ ಹೊರಗಿನ ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದ್ವಿಚಕ್ರ ವಾಹನ ನಿಷೇಧ ಮಾಡಿದರು. ಅಪಘಾತ ತಡೆಯೋಕೆ. ಉದ್ದೇಶ ಸರಿ. ಆದರೆ ತುಮಕೂರು ರಸ್ತೆ ಕಡೆ ಕಾರ್ಖಾನೆಯಲ್ಲಿ ಎರಡನೇ ಶಿಫ್ಟ್ ಮುಗಿಸಿ ಹೊಸೂರು ರಸ್ತೆ ಕಡೆ ಮನೆಗೆ ಹೋಗೋನು ಏನು ಮಾಡಬೇಕು? ಇಡೀ ಊರು ಸುತ್ತಿಕೊಂಡು, ಲಾರಿಗಳ ನಡುವೆ ಹೋಗಬೇಕು. ಡಿಸೆಂಬರ್ 31ರ ರಾತ್ರಿ ಫ್ಲೈಓವರ್ ಮುಚ್ಚುತ್ತಾರಲ್ಲ, ಅದು ಒಂದು ರಾತ್ರಿಯ ಮಾತು, ಯಾರಿಗೂ ದೊಡ್ಡ ತೊಂದರೆ ಇಲ್ಲ. ವರ್ಷವಿಡೀ ಮುಚ್ಚೋದು ಬೇರೆ. ಮಜಾ ಮಾಡೋಕೆ ಬರೋನೂ ದುಡಿಯೋಕೆ ಹೋಗೋನೂ ಒಂದೇ ಬ್ಯಾರಿಕೇಡಿಗೆ ಸಿಕ್ಕಿಕೊಳ್ತಾರೆ, ಮತ್ತು ಮಜಾ ಮಾಡೋನು ಬೇರೆ ರಸ್ತೆ ಹುಡುಕಿಕೊಳ್ತಾನೆ.

ಅಂದ್ರೆ ಅಳತೆ ಬೇಕು. ಯಾವ ರಸ್ತೆ, ಎಷ್ಟು ಹೊತ್ತು, ಯಾವ ಗಾಡಿ. ಇಷ್ಟು ಯೋಚನೆ ಮಾಡೋ ತಾಳ್ಮೆ ನಮಗಿಲ್ಲ. ಹಂಪ್ಸ್ ವಿಷಯದಲ್ಲೇ ನೋಡಿ.

ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲಿ ಹಂಪಿಗೆ ಅಳತೆ ಇದೆ. ಗಾಡಿ ಹೋಗೋ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಷ್ಟು ಅಗಲ, ಅಷ್ಟು ತಗ್ಗಾಗಿ ಏರಿ ಇಳಿಯೋ ಹಂಪನ್ನು 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟಬಹುದು, ಅದಕ್ಕಿಂತ ಜೋರಾಗಿ ಹೋದರೆ ಎತ್ತಿ ಹಾಕುತ್ತೆ. ನಮ್ಮ ರಸ್ತೆಯ ಹಂಪು ಒಂದು ರಾತ್ರಿ ಉಳಿದ ಡಾಂಬರಿನಲ್ಲಿ ಮಾಡಿದ್ದು. ಮೊಳದಗಲ ಇದೆ, ಗೇಣು ಎತ್ತರ. ಬಣ್ಣ ಬಳಿದಿಲ್ಲ. ಸ್ಕೂಟರಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತ ಹೆಂಗಸರಿಗೆ ಸೊಂಟ ಹಿಡಿಯುತ್ತೆ, ಆಂಬುಲೆನ್ಸ್ ನಿಂತು ಹತ್ತಬೇಕು, ಮಾರುತಿ ಕಾರುಗಳ ಹೊಟ್ಟೆ ಉಜ್ಜುತ್ತೆ. ಯಾರನ್ನು ನಿಲ್ಲಿಸೋಕೆ ಮಾಡಿದ್ದೋ ಅವರು ಮಾತ್ರ ಆರಾಮಾಗಿ ಹೋಗ್ತಾರೆ, ಯಾಕಂದ್ರೆ ಮಳೆ ನೀರು ಹರಿಯಲಿ ಅಂತ ಎರಡೂ ಅಂಚಿನಲ್ಲಿ ಎರಡಡಿ ಖಾಲಿ ಬಿಟ್ಟಿದ್ದಾರೆ. ಆ ಸಂದಿಯಲ್ಲಿ ಬೈಕಿನ ಟೈರು ಓಡಿ ಓಡಿ ಡಾಂಬರು ನುಣ್ಣಗೆ ಮಿಂಚುತ್ತಿದೆ. ಒಂದಿಬ್ಬರು ಹಂಪನ್ನೇ ಜಂಪ್ ಮಾಡೋಕೆ ಬಳಸಿಕೊಂಡರು, ಅದರ ರೀಲ್ಸೂ ಬಂತು.

ಈ ಹಂಪು ಯಾರು ಹಾಕಿದ್ದು ಅಂತ ಕೇಳಿದರೆ ಉತ್ತರವಿಲ್ಲ. ರಸ್ತೆ ಪಾಲಿಕೆಯದು, ಹಂಪಿಗೆ ಟ್ರಾಫಿಕ್ ಪೊಲೀಸರ ಒಪ್ಪಿಗೆ ಬೇಕು, ಗುತ್ತಿಗೆದಾರನಿಗೆ ಮೇಲಿಂದ ಯಾರೋ ಹೇಳಿದ್ದರು. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆ ಆಗಿವೆ, ಆ ಯಾರೋ ಇನ್ನೂ ಯಾರೋ ಆಗಿಯೇ ಉಳಿದಿದ್ದಾರೆ.

ಫುಟ್‌ಪಾತಿನ ಕಥೆ ಇನ್ನೂ ಚೆನ್ನಾಗಿದೆ. ಸಿಗ್ನಲ್ ಹತ್ತಿರ ಸಾಲು ಬೆಳೆದ ತಕ್ಷಣ ಬೈಕುಗಳು ಫುಟ್‌ಪಾತ್ ಹತ್ತುತ್ತವೆ. ಎಲ್ಲಿ ಹತ್ತುತ್ತವೆ ಅಂತ ನಿಂತು ನೋಡಿ. ಅಂಚುಗಲ್ಲು ಎತ್ತರ ಇದೆ, ಅಲ್ಲಿ ಆಗಲ್ಲ. ಮನೆಯವರು ಕಾರು ಒಳಗೆ ತರೋಕೆ ಸಿಮೆಂಟಿನ ಇಳಿಜಾರು ಮಾಡಿಕೊಂಡಿರ್ತಾರಲ್ಲ, ಅಲ್ಲಿ ಹತ್ತಿ, ನಾಲ್ಕು ಮನೆ ದಾಟಿ ಇನ್ನೊಬ್ಬರ ಇಳಿಜಾರಿನಲ್ಲಿ ಇಳೀತಾರೆ. ಫುಟ್‌ಪಾತ್ ಮೇಲೆ ನಡೆಯೋರಿಗೆ ಹಿಂದಿನಿಂದ ಹಾರ್ನ್ ಬೇರೆ. ನಮ್ಮಮ್ಮ ಒಂದು ಸಲ ತಿರುಗಿ ನಿಂತು "ಏನಪ್ಪಾ, ನಾನು ರೋಡಿಗೆ ಇಳೀಲಾ?" ಅಂದರೆ ಆ ಹುಡುಗ "ಸ್ವಲ್ಪ ಸೈಡ್ ಕೊಡಿ ಅಜ್ಜಿ, ಅರ್ಜೆಂಟು" ಅಂದನಂತೆ. ಸಿಟ್ಟೂ ಇಲ್ಲ ಅವನಿಗೆ. ಅಷ್ಟು ಮಾಮೂಲಿ ಆಗಿಹೋಗಿದೆ.

ಕಂಬ ಹಾಕಿ ಅಂತ ಅರ್ಜಿ ಕೊಟ್ಟೆವು. ತುಂಬಾ ಓಡಾಡಿದ ಮೇಲೆ ಮೂರು ಕಬ್ಬಿಣದ ಕಂಬ ಬಂದವು. ಮಧ್ಯದ ಸಂದಿ ಎಷ್ಟಿದೆ ಅಂತ ಟೇಪು ಹಿಡಿದರೆ 1 ಮೀಟರ್ 30 ಸೆಂಟಿಮೀಟರ್. ಸ್ಕೂಟರಿನ ಹ್ಯಾಂಡಲ್ ಅಗಲ 70 ಸೆಂಟಿಮೀಟರ್ ಆಸುಪಾಸು! ಕಂಬ ಇದ್ದೂ ಏನು ಬಂತು, ಎರಡು ಕಡೆ ಕೈ ಬೀಸಿಕೊಂಡು ಹೋಗಬಹುದು. ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು, ಸಂದಿ ಕಡಿಮೆ ಮಾಡಿಸಿ, ಎರಡಡಿ ಸಾಕು ಅಂತ.

ಆಗ ಮೂರನೇ ಕ್ರಾಸಿನ ಒಬ್ಬರು ಎದ್ದು ನಿಂತು, "ಹಾಗಾದ್ರೆ ನಮ್ಮ ಯಜಮಾನ್ರು ಪಾರ್ಕಿಗೆ ಹೇಗೆ ಬರಬೇಕು?" ಅಂದರು. ಅವರ ಯಜಮಾನರು ಪಾರ್ಶ್ವವಾಯು ಆದಮೇಲೆ ವೀಲ್‌ಚೇರಿನಲ್ಲಿದ್ದಾರೆ. ವೀಲ್‌ಚೇರಿನ ಅಗಲವೂ ಹೆಚ್ಚುಕಡಿಮೆ 65-70 ಸೆಂಟಿಮೀಟರೇ. ಕೈಗೆ ತಾಗದ ಹಾಗೆ ದಾಟೋಕೆ ಕನಿಷ್ಠ 90 ಬಿಡಬೇಕು. ಅಂದ್ರೆ ಸ್ಕೂಟರ್ ತಡೆಯೋ ಸಂದಿ ವೀಲ್‌ಚೇರನ್ನೂ ತಡೆಯುತ್ತೆ, ವೀಲ್‌ಚೇರ್ ಬಿಡೋ ಸಂದಿ ಸ್ಕೂಟರನ್ನೂ ಬಿಡುತ್ತೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬರು ಮಾತ್ರ "ಅವರೊಬ್ಬರಿಗೋಸ್ಕರ..." ಅಂತ ಶುರು ಮಾಡಿದರು, ಪಕ್ಕದಲ್ಲಿದ್ದ ಅವರ ಹೆಂಡತಿಯೇ ಮೊಣಕೈಯಲ್ಲಿ ತಿವಿದರು.

ಇದಕ್ಕೆ ದಾರಿ ಇದೆ, ಅಗಲದಲ್ಲಲ್ಲ, ಉದ್ದದಲ್ಲಿ. ಸ್ಕೂಟರ್ ಉದ್ದ 1.8 ಮೀಟರ್ ಮೇಲೆ. ವೀಲ್‌ಚೇರ್ ಉದ್ದ 1.2 ಮೀಟರ್ ಒಳಗೆ, ಜೊತೆಗೆ ನಿಂತಲ್ಲೇ ತಿರುಗುತ್ತೆ. ಅಡ್ಡಗಲ ಒಂದೂವರೆ ಮೀಟರ್ ಇರೋ ವೃತ್ತದಷ್ಟು ಜಾಗ ಸಿಕ್ಕರೆ ಪೂರ್ತಿ ಒಂದು ಸುತ್ತು ಹಾಕಬಹುದು. ಹಾಗಾಗಿ ಕಂಬದ ಬದಲು ಎರಡು ಅಡ್ಡ ಕಟಕಟೆ ಹಾಕಬೇಕು. ಮೊದಲನೆಯದು ಎಡಗಡೆಯಿಂದ ಬರಬೇಕು, ಒಂದೂವರೆ ಮೀಟರ್ ಬಿಟ್ಟು ಎರಡನೆಯದು ಬಲಗಡೆಯಿಂದ. ನಡೆಯೋರು ಸೊಟ್ಟಗೆ ಹೋಗ್ತಾರೆ, ವೀಲ್‌ಚೇರ್ ತಿರುಗಿ ತಿರುಗಿ ಹೋಗುತ್ತೆ, ಮಗುವಿನ ತಳ್ಳುಗಾಡಿಯೂ ಹೋಗುತ್ತೆ. ಸ್ಕೂಟರಿನವನು ಇಳಿದು, ಹಿಂದೆ ಮುಂದೆ ಎಳೆದಾಡಿ, ಬೆವರು ಸುರಿಸಿ ದಾಟಬೇಕು. ಅಷ್ಟರಲ್ಲಿ ಸಿಗ್ನಲ್ಲೇ ಬಿಟ್ಟಿರುತ್ತೆ. ಯಾವನೂ ಎರಡನೇ ಸಲ ಬರಲ್ಲ. ಫುಟ್‌ಪಾತ್ ಅಗಲ ಇರೋ ಕಡೆ ಮಾತ್ರ ಇದು ಆಗುತ್ತೆ, ನಮ್ಮ ಪಾರ್ಕಿನ ಬಾಗಿಲಲ್ಲಿ ಜಾಗ ಇದೆ, ಸಿಗ್ನಲ್ ಹತ್ತಿರ ಇಲ್ಲ.

ಸೈಲೆನ್ಸರ್ ವಿಷಯ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಅದರಲ್ಲಿ ಗೊಂದಲವೇ ಇಲ್ಲ. 175 ಸಿಸಿಗಿಂತ ಮೇಲಿನ ಬೈಕಿಗೆ ಕಂಪನಿ ಪರೀಕ್ಷೆಯಲ್ಲೇ 80 ಡೆಸಿಬೆಲ್ ಮಿತಿ, 80ರಿಂದ 175 ಸಿಸಿಗೆ 77. ಮನೆಗಳಿರೋ ಜಾಗದಲ್ಲಿ ರಾತ್ರಿ 10ರ ಮೇಲೆ ಇರಬೇಕಾದ ಶಬ್ದ 45. ಸೈಲೆನ್ಸರ್ ಒಳಗಿನ ತಡೆಗಳನ್ನು ಕಿತ್ತು ಹಾಕಿದ ಗಾಡಿಗೆ ಮೀಟರ್ ಹಿಡಿಯೋದೇ ಬೇಡ, ಎರಡು ರಸ್ತೆ ಆಚೆ ಮಲಗಿರೋ ಮಗು ಏಳುತ್ತೆ. ಮಾಲೀಕ ಗಾಡಿ ಬದಲಾಯಿಸಿದರೆ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳು ಜೈಲು. ಪೊಲೀಸರು ಆಗಾಗ ಕಿತ್ತ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತೆ. ನೋಡೋಕೆ ಹಿತವಾಗಿರುತ್ತೆ. ಇದು ದಂಡಕ್ಕಿಂತ ಒಳ್ಳೇ ಕೆಲಸ ಅಂತಲೇ ನನ್ನ ಅಭಿಪ್ರಾಯ, ಯಾಕಂದ್ರೆ ಆ ಸೈಲೆನ್ಸರ್ ಮತ್ತೆ ರಸ್ತೆಗೆ ಬರಲ್ಲ, ರಿಯಾಯಿತಿಯೂ ಸಿಗಲ್ಲ. ನನ್ನ ಒಂದೇ ತಕರಾರು, ಕಂಪನಿ ಸೈಲೆನ್ಸರ್ ಹಾಕಿಸಿಕೊಂಡು ಬಂದು ತೋರಿಸೋವರೆಗೆ ಗಾಡಿ ಬಿಡಬಾರದು. ಹಾಕಿಕೊಟ್ಟ ಗ್ಯಾರೇಜಿನವನ ಹೆಸರನ್ನೂ ಅಲ್ಲೇ ಬರೆಸಿಕೊಳ್ಳಬೇಕು.

ಅಪ್ಪ ಅಮ್ಮಂದಿರ ಬಗ್ಗೆ ಹೇಳಿದರೆ ನಮ್ಮ ಬೀದಿಯಲ್ಲೇ ನಾಲ್ಕು ಜನ ಮಾತು ಬಿಡ್ತಾರೆ, ಆದರೂ ಹೇಳ್ತೀನಿ. ಒಂಬತ್ತನೇ ಕ್ಲಾಸಿನ ಹುಡುಗ ಸ್ಕೂಟರ್ ಓಡಿಸೋದು ಶುರುವಾಗೋದು ವೀಲಿಂಗಿನಿಂದ ಅಲ್ಲ, ಕೊತ್ತಂಬರಿ ಸೊಪ್ಪಿನಿಂದ. "ಹೋಗೋ ಮಗಾ, ಅಂಗಡಿಯಿಂದ ಒಂದು ಕಟ್ಟು ತಗೊಂಡು ಬಾ, ಗಾಡೀಲಿ ಬೇಗ ಹೋಗಿ ಬಾ." ಮನೆಗೆ ಬಂದ ನೆಂಟರ ಮುಂದೆ "ನಮ್ಮೋನು ಆಗಲೇ ಎಷ್ಟು ಚೆನ್ನಾಗಿ ಓಡಿಸ್ತಾನೆ ಗೊತ್ತಾ" ಅನ್ನೋ ಹೆಮ್ಮೆ. ಕಾಯ್ದೆಯಲ್ಲಿ 16 ವರ್ಷಕ್ಕೆ ಕೊಡೋ ಲೈಸೆನ್ಸು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಗಳಲ್ಲಿ ನಿಂತಿರೋದೆಲ್ಲಾ 110, 125. 199ಎ ಹಾಕಿ ಒಬ್ಬ ಅಪ್ಪನ ಗಾಡಿಯ ನೋಂದಣಿ ಒಂದು ವರ್ಷ ರದ್ದಾಗಲಿ, ಆ ಗಾಡಿ ಮನೆ ಮುಂದೆ ಧೂಳು ತಿನ್ನುತ್ತಾ ನಿಲ್ಲಲಿ, ಇಡೀ ಬೀದಿಗೆ ಅದಕ್ಕಿಂತ ದೊಡ್ಡ ಬೋರ್ಡು ಬೇಕಾಗಿಲ್ಲ. ಆದರೆ ಹಿಡಿದ ಮೇಲೆ ಶುರುವಾಗುತ್ತಲ್ಲ, "ಸಾರ್, ಓದೋ ಹುಡುಗ, ಭವಿಷ್ಯ ಹಾಳಾಗುತ್ತೆ" ಅಂತ. ಗುದ್ದಿಸಿಕೊಂಡವರ ಭವಿಷ್ಯದ ಬಗ್ಗೆ ಆ ಠಾಣೆಯಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಇಂಗ್ಲೆಂಡಿನಲ್ಲಿ ಒಂದು ವ್ಯವಸ್ಥೆ ಇದೆ, ನನಗೆ ತುಂಬಾ ಹಿಡಿಸಿತು. 2002ರ ಅವರ ಪೊಲೀಸ್ ಸುಧಾರಣಾ ಕಾಯ್ದೆಯ 59ನೇ ಕಲಂ, ಅದನ್ನು ಮೊದಲು ಬರೆದಿದ್ದ ರೂಪದಲ್ಲಿ. ಅಡ್ಡಾದಿಡ್ಡಿ ಗಾಡಿ ಓಡಿಸಿ ಜನರಿಗೆ ಕಿರಿಕಿರಿ ಮಾಡಿದರೆ ಮೊದಲ ಸಲ ಎಚ್ಚರಿಕೆ. 12 ತಿಂಗಳೊಳಗೆ ಮತ್ತೆ ಅದನ್ನೇ ಮಾಡಿದರೆ ಗಾಡಿಯನ್ನೇ ಹಿಡಿದುಕೊಂಡು ಹೋಗ್ತಾರೆ. ಎಚ್ಚರಿಕೆ ಓಡಿಸಿದವನಿಗೇ ಅಂಟಿಕೊಳ್ಳುತ್ತೆ. ಮುಂದಿನ ಸಲ ಅಣ್ಣನ ಗಾಡಿ ತಂದರೂ ಅವನು ತಪ್ಪಿಸಿಕೊಳ್ಳೋ ಹಾಗಿಲ್ಲ. ಅಲ್ಲಿನ ಊರ ಕೌನ್ಸಿಲ್ಲುಗಳಿಗೆ 2014ರ ಇನ್ನೊಂದು ಕಾಯ್ದೆಯಲ್ಲಿ, ಇಂಥ ಜಾಗದಲ್ಲಿ ಇಂಥದ್ದು ಮಾಡಬಾರದು ಅಂತ ಆದೇಶ ಹೊರಡಿಸೋ ಅಧಿಕಾರವೂ ಇದೆ. ಆದರೆ ಒಂದು ಆದೇಶ ಮೂರು ವರ್ಷಕ್ಕಿಂತ ಜಾಸ್ತಿ ನಡೆಯಲ್ಲ, ಬೇಕಿದ್ದರೆ ಮತ್ತೆ ಹೊಸದಾಗಿ ವಿಸ್ತರಿಸಬೇಕು. ಈ ಅವಧಿ ಮುಗಿಯೋ ಸಂಗತಿ ಬಹಳ ಒಳ್ಳೆಯದು. ನಮ್ಮಲ್ಲಿ ಒಂದು ಬ್ಯಾರಿಕೇಡು ಇಟ್ಟರೆ ಯಾಕೆ ಇಟ್ಟರು ಅಂತ ಮರೆತ ಮೇಲೂ ಅದು ತುಕ್ಕು ಹಿಡಿದುಕೊಂಡು ನಿಂತಿರುತ್ತೆ.

ನಮ್ಮಲ್ಲಿ ಅಧಿಕಾರ ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಓದಿ. ಸಾರ್ವಜನಿಕರ ಸುರಕ್ಷತೆಗೋ ಅನುಕೂಲಕ್ಕೋ ಒಂದು ರಸ್ತೆಯಲ್ಲಿ ಗಾಡಿಗಳನ್ನು ನಿಲ್ಲಿಸಬಹುದು, ನಿರ್ಬಂಧಿಸಬಹುದು, ಒಂದು ತಿಂಗಳೊಳಗಿನ ನಿರ್ಬಂಧ ಆದರೆ ಗೆಜೆಟ್ ಅಧಿಸೂಚನೆಯೂ ಬೇಕಾಗಿಲ್ಲ. ಅಂದ್ರೆ ಒಂದು ತಿಂಗಳು ಪ್ರಯೋಗ ಮಾಡಿ ನೋಡಬಹುದು. ಸಂಜೆ 6ರಿಂದ ರಾತ್ರಿ 10ರವರೆಗೆ ಗ್ರೌಂಡ್ ರಸ್ತೆ ಬಂದ್, ಆಮೇಲೆ ಏನಾಯ್ತು ಅಂತ ಲೆಕ್ಕ ಹಾಕಿ ಮುಂದುವರಿಸೋದೋ ಬಿಡೋದೋ ತೀರ್ಮಾನ ಮಾಡಬಹುದು.

ಹುಡುಗರ ಪರ ಒಂದು ಮಾತು. ಗಾಡಿಯ ಹುಚ್ಚು ತಪ್ಪಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ಓಡಿಸಿ ಬೆಳೆದವರ ನಾಡು ಇದು. ಕೋಲಾರದ ಕಡೆ ಮಣ್ಣಿನ ಟ್ರ್ಯಾಕ್ ಮಾಡಿ ಬೈಕ್ ಕಲಿಸ್ತಾರೆ. ಆದರೆ ಅಲ್ಲಿಗೆ ಹೋಗೋಕೆ ದುಡ್ಡು ಬೇಕು, ಬೂಟು, ಜಾಕೆಟ್ಟು, ಒಂದು ದಿನ ರಜಾ ಬೇಕು. ನಮ್ಮ ರಸ್ತೆಗೆ ಬರೋ ಹುಡುಗರಲ್ಲಿ ಅರ್ಧದಷ್ಟು ಜನ ಹಗಲು ಡೆಲಿವರಿ ಕೆಲಸ ಮಾಡೋರು, ಗಾಡಿ ಕಂತಿನದು. ಒಬ್ಬನನ್ನು ನಾನೇ ಮಾತಾಡಿಸಿದ್ದೆ. "ಅಣ್ಣ, ಟ್ರ್ಯಾಕ್ ಕೊಡಿ, ರೋಡಿಗೆ ಬರಲ್ಲ" ಅಂದ. ಪೂರ್ತಿ ನಂಬಲಿಲ್ಲ ನಾನು, ನೋಡೋರಿಲ್ಲದ ಟ್ರ್ಯಾಕಿನಲ್ಲಿ ಗಾಡಿ ಎತ್ತೋದರಲ್ಲಿ ಅವನಿಗೇನು ಮಜಾ? ಆದರೂ ಇಷ್ಟು ದೊಡ್ಡ ಊರಿನಲ್ಲಿ ಕ್ರಿಕೆಟ್ಟಿಗೆ ನೆಟ್ ಕಟ್ಟಿಕೊಡ್ತಿದ್ದ ಕಾರ್ಪೊರೇಟರುಗಳಿಗೆ ಗಾಡಿ ಹುಚ್ಚಿಗೆ ಒಂದು ಎಕರೆ ಸಿಗಲಿಲ್ಲವಲ್ಲ ಅಂತ ಅನಿಸುತ್ತೆ.

ಈಗ ನಮ್ಮ ಅಸೋಸಿಯೇಷನ್ ಅರ್ಜಿ ಬರೆದಿದೆ. ಇದರಲ್ಲಿ "ಪುಂಡರ ಹಾವಳಿ ತಪ್ಪಿಸಿ" ಅನ್ನೋ ಸಾಲು ತೆಗೆಸಿ ಮೂರು ವಿಷಯ ಮಾತ್ರ ಹಾಕಿಸಿದೆ: ಆ ಗೇಣೆತ್ತರದ ಹಂಪು ಕಿತ್ತು ಸರಿಯಾದ ಅಳತೆಯಲ್ಲಿ ಎರಡು, ಅಂಚಿನಿಂದ ಅಂಚಿಗೆ, ನೀರಿಗೆ ಅಡಿಯಲ್ಲಿ ಪೈಪು; ಪಾರ್ಕಿನ ಬಾಗಿಲಿಗೆ ಅಡ್ಡ ಕಟಕಟೆ; ಒಂದು ತಿಂಗಳ ಮಟ್ಟಿಗೆ ಸಂಜೆ ರಸ್ತೆ ಬಂದ್. ಮೂರನೆಯದಕ್ಕೆ ಮೂಲೆ ಮನೆ ಅಂಕಲ್ ಸಹಿ ಹಾಕಿಲ್ಲ, ಅವರ ಕಾರು ಸುತ್ತಿಕೊಂಡು ಬರಬೇಕಾಗುತ್ತಂತೆ. ಅವರಿಗೆ ಮತ್ತು ಆಂಬುಲೆನ್ಸಿಗೆ ತೆಗೆಯೋ ಹಾಗೆ ಬೀಗದ ಗೇಟು ಇಡೋಣ ಅಂದರೆ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಹೊಸ ಜಗಳ ಎದ್ದಿದೆ. ನಿಮ್ಮ ಏರಿಯಾದಲ್ಲಿ ಯಾರಾದರೂ ಇಂಥ ಕಟಕಟೆ ಹಾಕಿಸಿದ್ದರೆ ನಡುವೆ ಎಷ್ಟು ಬಿಟ್ಟಿದ್ದೀರಿ, ಯಾವ ಕಬ್ಬಿಣ, ಬುಡಕ್ಕೆ ಎಷ್ಟು ಆಳ ಕಾಂಕ್ರೀಟು, ಖರ್ಚು ಎಷ್ಟಾಯ್ತು ಅಂತ ದಯವಿಟ್ಟು ಬರೀರಿ. ನಮ್ಮ ಮೂರು ಕಂಬದಲ್ಲಿ ಒಂದು ಆಗಲೇ ಅಲ್ಲಾಡ್ತಾ ಇದೆ.